ನಿನ್ನೆ ಇಲ್ಲದ ಒದ್ದೆ ಗಾಯ ಇವತ್ತು ಬೆಳಿಗ್ಗೆ ಹೇಗೆ ಬಂತು? ನಾಯಿಗಳ ಹಾಟ್ ಸ್ಪಾಟ್ ಬಗ್ಗೆ ಅನುಭವ ಹೇಳಿ

ಪ್ರಶ್ನೆ: ನಮ್ಮದು ನಾಲ್ಕು ವರ್ಷದ ಗೋಲ್ಡನ್ ರಿಟ್ರೀವರ್. ರಾತ್ರಿ ಚೆನ್ನಾಗೇ ಇದ್ದ. ಬೆಳಿಗ್ಗೆ ನೋಡಿದರೆ ಕಿವಿಯ ಕೆಳಗೆ ಕೂದಲು ಅಂಟಂಟಾಗಿದೆ, ಒಳಗೆ ಕೆಂಪಗೆ ಒದ್ದೆ ಗಾಯ. ಮುಟ್ಟಲು ಬಿಡ್ತಿಲ್ಲ. ಹಾಟ್ ಸ್ಪಾಟ್ ಅಂದರೆ ಇದೇನಾ? ಏನು ಹಚ್ಚಲಿ?

ಉತ್ತರ 1: ಹಾಗೇ ಕಾಣುತ್ತದೆ. ನಮ್ಮ ಲ್ಯಾಬ್ರಡಾರ್‌ಗೆ ಎರಡು ಸಲ ಆಗಿತ್ತು. ಇದು ಕೆಲವೇ ಗಂಟೆಗಳಲ್ಲಿ ಹರಡುತ್ತದೆ. ಹುಳುಕಡ್ಡಿ ಆಗಿದ್ದರೆ ನಿಧಾನಕ್ಕೆ ಬರುತ್ತಿತ್ತು, ಸಾಮಾನ್ಯವಾಗಿ ಒಣಗಿ ಹೊಟ್ಟು ಹೊಟ್ಟಾಗಿರುತ್ತಿತ್ತು.

ಹಚ್ಚುವ ಮಾತು ಆಮೇಲೆ, ಮೊದಲು ಕೂದಲು ತೆಗೆಸಿ. ನಾನು ಮೊದಲ ಸಲ ಕೂದಲ ಮೇಲೇ ಮುಲಾಮು ಮೆತ್ತಿದೆ. ತೇವ ಒಳಗೇ ಉಳಿದು ಸಂಜೆಗೆ ವಾಸನೆ ಶುರುವಾಯಿತು. ಡಾಕ್ಟರ್ ಟ್ರಿಮ್ಮರ್ ಹಿಡಿದಾಗ ಗೊತ್ತಾಗಿದ್ದು, ನಾಣ್ಯದಷ್ಟು ಅಂದುಕೊಂಡಿದ್ದ ಗಾಯ ನನ್ನ ಅಂಗೈಯಷ್ಟಿತ್ತು! ಸುತ್ತ ಒಣ ಚರ್ಮ ಕಾಣುವ ತನಕ ತೆಗೆದರು. ಮನೆಯಲ್ಲಿ ಕತ್ತರಿ ಆಡಿಸಬೇಡಿ, ಚರ್ಮವೇ ಸಿಕ್ಕಿಬಿಡುತ್ತದೆ. ನೋವು ಜಾಸ್ತಿ ಇದ್ದರೆ ಎಂಥ ಸಾಧು ನಾಯಿಯೂ ಕಚ್ಚುತ್ತದೆ. ನಮ್ಮವನಿಗೆ ಮಂಪರಿನ ಇಂಜೆಕ್ಷನ್ ಕೊಟ್ಟೇ ಮಾಡಿದ್ದು.

ಆಮೇಲೆ ದಿನಕ್ಕೆ ಎರಡು ಸಲ, ಡಾಕ್ಟರ್ ಹೇಳಿದ ಹದಕ್ಕೆ ನೀರು ಬೆರೆಸಿದ ಕ್ಲೋರ್‌ಹೆಕ್ಸಿಡಿನ್ ಅನ್ನುವ ಕ್ರಿಮಿನಾಶಕ ದ್ರವದಿಂದ ಶುಚಿ ಮಾಡುತ್ತಿದ್ದೆ. ಉಜ್ಜುತ್ತಿರಲಿಲ್ಲ, ಮೆತ್ತನೆ ಬಟ್ಟೆ ಒತ್ತಿ ಒಣಗಿಸುತ್ತಿದ್ದೆ. ತುರಿಕೆಗೆ ಮಾತ್ರೆ ಕೊಟ್ಟಿದ್ದರು. ಆದರೆ ನನ್ನ ಪ್ರಕಾರ ಗಾಯ ನೆಕ್ಕದಂತೆ, ಕೆರೆಯದಂತೆ ಕೊರಳಿಗೆ ಹಾಕುವ ಕೋನೇ ದೊಡ್ಡ ಔಷಧಿ. ಮೂರನೇ ದಿನ ಪಾಪ ಅಂತ ಹತ್ತು ನಿಮಿಷ ಬಿಚ್ಚಿದೆ. ಹಿಂಗಾಲಲ್ಲಿ ಕೆರೆದು ಹಕ್ಕಳೆ ಪೂರ್ತಿ ಕಿತ್ತುಕೊಂಡ. ಮತ್ತೆ ಮೊದಲಿಂದ! ಗಾಯ ಒಂದು ವಾರಕ್ಕೆ ಒಣಗಿತು. ಕೂದಲು ಬರಲು ತಿಂಗಳ ಮೇಲೆ ಹಿಡಿಯಿತು.

ಉತ್ತರ 2: ಕಿವಿಯ ಕೆಳಗೆ ಅಂದಿರಲ್ಲ, ಕಿವಿಯೊಳಗೆ ನೋಡಿದಿರಾ? ನಮ್ಮವಳಿಗೆ ಗಾಯ ವಾಸಿಯಾಗಿ ಹದಿನೈದು ದಿನಕ್ಕೆ ಅದೇ ಜಾಗದಲ್ಲಿ ಮತ್ತೆ ಬಂತು. ಕಾರಣ ಕಿವಿಯ ಸೋಂಕು. ಕಿವಿ ತುರಿಸಿ ಕೆನ್ನೆ ಕೆರೆದುಕೊಳ್ಳುತ್ತಿದ್ದಳು, ನಾವು ಸುಮ್ನೆ ಕೆನ್ನೆಗೆ ಮದ್ದು ಮಾಡುತ್ತಿದ್ದೆವು. ಬಾಲದ ಬುಡದಲ್ಲಾದರೆ ಮೊದಲು ಚಿಗಟ ಹುಡುಕಿ. ಬಾಚಿದಾಗ ಬೀಳುವ ಕರಿ ಪುಡಿಯನ್ನು ಒದ್ದೆ ಬಿಳಿ ಕಾಗದದ ಮೇಲೆ ಹಾಕಿ. ಕೆಂಪು-ಕಂದು ಬಣ್ಣ ಬಿಟ್ಟರೆ ಅದು ಚಿಗಟದ ಹಿಕ್ಕೆ. ಸ್ನಾನವಾದ ಮೇಲೆ ದಟ್ಟ ಕೂದಲು ಬುಡದ ತನಕ ಒಣಗದಿದ್ದರೂ ಹೀಗಾಗುತ್ತದೆ.

ಉತ್ತರ 3: ಏನು ಹಚ್ಚಬಾರದು ಅಂತ ನಾನು ಹೇಳ್ತೀನಿ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್, ಟೀ ಟ್ರೀ ಎಣ್ಣೆ ಬೇಡವೇ ಬೇಡ. ಮನುಷ್ಯರು ಹಚ್ಚಿಕೊಳ್ಳುವ ಕ್ರೀಮುಗಳೂ ಬೇಡ. ನಾಯಿ ನೆಕ್ಕುತ್ತೆ ಅಲ್ವಾ, ಜಿಂಕ್ ಆಕ್ಸೈಡ್ ಇರುವಂಥವು ಹೊಟ್ಟೆಗೆ ಹೋದರೆ ವಿಷ. ಬ್ಯಾಂಡೇಜ್ ಸುತ್ತಿದರೆ ತೇವ ಹಿಡಿದಿಡುತ್ತದೆ. ಗಾಯದ ಸುತ್ತ ಸಣ್ಣ ಕೀವುಗುಳ್ಳೆ ಕಂಡರೆ, ನಾಯಿ ಮಂಕಾದರೆ ಕಾಯಬೇಡಿ. ಸೋಂಕು ಆಳಕ್ಕೆ ಇಳಿದಿರಬಹುದು.

ಪ್ರಶ್ನೆ ಕೇಳಿದವರು: ಕಿವಿ ಮಡಚಿ ನೋಡಿದೆ. ಕಂದು ಗುಗ್ಗೆ, ಕೆಟ್ಟ ವಾಸನೆ. ಡಾಕ್ಟರ್ ಹತ್ತಿರ ಹೋಗಿ ಬಂದೆವು, ಕಿವಿಗೆ ಹನಿ ಔಷಧಿ ಕೊಟ್ಟಿದ್ದಾರೆ. ಕೂದಲು ತೆಗೆದ ಮೇಲೆ ಗಾಯ ನೋಡಿ ನನಗೇ ತಲೆ ತಿರುಗಿತು. ಈಗ ಕೋನ್ ಹಾಕಿಕೊಂಡು ಬಾಗಿಲಿಗೆಲ್ಲ ಡಿಕ್ಕಿ ಹೊಡೆಯುತ್ತಾ ಓಡಾಡುತ್ತಿದ್ದಾನೆ. ಬಿಚ್ಚಲ್ಲ, ಎಷ್ಟು ಮುಖ ಸಪ್ಪಗೆ ಮಾಡಿದರೂ ಬಿಚ್ಚಲ್ಲ.