35 ಸಾವಿರದೊಳಗೆ ಗಾಲ್ಫ್ ಐರನ್ ಸೆಟ್: ಹೊಸದಾ, ಸೆಕೆಂಡ್ ಹ್ಯಾಂಡಾ?

ಧಾರವಾಡ_ಟು_ಪುಣೆ:
ಎಲ್ಲರಿಗೂ ನಮಸ್ಕಾರ. ಊರು ಧಾರವಾಡ, ಈಗ ಇರೋದು ಪುಣೆಯ ಬಾಣೇರ್‌ನಲ್ಲಿ. ಗಾಲ್ಫ್ ಶುರು ಮಾಡಿ ಒಂದೆರಡು ವರ್ಷ ಆಯ್ತು. ಇಲ್ಲಿವರೆಗೆ ಮಾವನವರ ಹಳೇ ಸೆಟ್‌ನಲ್ಲೇ ಆಡುತ್ತಿದ್ದೇನೆ. ಅವೆಲ್ಲ ಲೋಹದ ತೆಳು ತಲೆಯ ಕೋಲುಗಳು, ಅಂದರೆ ಬ್ಲೇಡ್ ಐರನ್‌ಗಳು. ಚೆಂಡು ನಡುವಿಗೆ ಸರಿಯಾಗಿ ಕೂತರೆ ಬೆಣ್ಣೆ, ಸ್ವಲ್ಪ ಆಚೀಚೆ ಆದರೆ ಕೈ ಜುಮ್ ಅನ್ನುತ್ತದೆ, ಚೆಂಡು ಅರ್ಧ ದಾರಿಯಲ್ಲೇ ಬೀಳುತ್ತದೆ. ಸ್ಕೋರ್ ಇನ್ನೂ ನೂರರ ಮೇಲೇ ಇದೆ, ಅಂದರೆ 18 ಹೋಲ್ ಮುಗಿಸೋಕೆ ನೂರಕ್ಕಿಂತ ಜಾಸ್ತಿ ಹೊಡೆತ.

ಬಜೆಟ್ 35 ಸಾವಿರ. ಮಗಳ ಸ್ಕೂಲ್ ಫೀಸ್ ಕಟ್ಟೋ ತಿಂಗಳು ಬೇರೆ, ಹಾಗಾಗಿ ಅದರ ಮೇಲೆ ಒಂದು ರೂಪಾಯಿಯೂ ಹೋಗೋ ಹಾಗಿಲ್ಲ. ಅಂಗಡಿಯಲ್ಲಿ ಕೇಳಿದರೆ ದೊಡ್ಡ ಬ್ರ್ಯಾಂಡಿನ ಹೊಸ ಸೆಟ್ ಲಕ್ಷದ ಹತ್ತಿರ ಹೇಳುತ್ತಾರೆ. ಈಗ ನನ್ನ ಮುಂದೆ ಇರೋದು ಡೆಕಾಥ್ಲಾನ್‌ನ ಇನೆಸಿಸ್ ಹೊಸ ಸೆಟ್, ಇಲ್ಲಾಂದ್ರೆ ನಾಲ್ಕೈದು ವರ್ಷ ಆಡಿದ ಪಿಂಗ್ ಕಂಪನಿಯ ಸೆಟ್. ಇನ್ನೊಂದು, ಆನ್‌ಲೈನ್‌ನಲ್ಲಿ ಒಬ್ಬರು ಸೀಲ್ ಒಡೆಯದ ಟೇಲರ್‌ಮೇಡ್ ಸೆಟ್ 28 ಸಾವಿರಕ್ಕೆ ಕೊಡ್ತೀನಿ ಅಂತಿದ್ದಾರೆ. ನನ್ನ ಎತ್ತರ ಐದಡಿ ಐದಿಂಚು. ಯಾವುದಕ್ಕೆ ಹೋಗಲಿ?

ಚೆಂಬೂರಿನ_ಕುಂದಾಪುರದವ:
ಮಾರಾಯ್ರೆ, ಆ 28 ಸಾವಿರದ್ದನ್ನು ಮೊದಲು ಮರೆತುಬಿಡಿ. ಲಕ್ಷದ ಹತ್ತಿರದ ಮಾಲನ್ನು ಯಾರೂ ಪುಣ್ಯಕ್ಕೆ ಮೂರನೇ ಒಂದು ಭಾಗಕ್ಕೆ ಕೊಡೋದಿಲ್ಲ. ನಕಲಿ ಐರನ್‌ಗಳು ಫೋಟೋದಲ್ಲಿ ಅಸಲಿ ಥರಾನೇ ಕಾಣುತ್ತವೆ. ಕೈಗೆ ಬಂದ ಮೇಲೆ ನೋಡಿದರೆ ಅಕ್ಷರದ ಬಣ್ಣ ಅಂಚಿನಿಂದ ಆಚೆ ಹರಿದಿರುತ್ತದೆ, ಶಾಫ್ಟು (ಕೋಲಿನ ದಂಡ) ತಲೆಗೆ ಸೇರೋ ಕಡೆ ಇರೋ ಕಪ್ಪು ಪ್ಲಾಸ್ಟಿಕ್ ಉಂಗುರ ಸರಿಯಾಗಿ ಕೂತಿರುವುದಿಲ್ಲ, ಒಂದೊಂದು ಐರನ್ನಿನ ತೂಕ ಒಂದೊಂದು ಥರ ಇರುತ್ತದೆ. ಅಂಥದ್ದರಲ್ಲಿ ಆಡಿದರೆ ತಪ್ಪು ನಿಮ್ಮ ಸ್ವಿಂಗ್‌ದೋ ಕೋಲಿನದೋ ಅಂತ ಗೊತ್ತೇ ಆಗಲ್ಲ.

ನನ್ನ ಓಟು ಆಡಿದ ಪಿಂಗ್ ಸೆಟ್‌ಗೆ. ಕಾರಣ ಹೇಳ್ತೀನಿ. ಬ್ಲೇಡ್‌ನಲ್ಲಿ ತೂಕವೆಲ್ಲ ನಡುವೆ ಇರುತ್ತದೆ. ತುದಿಗೆ ಚೆಂಡು ತಗುಲಿದರೆ ತಲೆ ತಿರುಗಿಬಿಡುತ್ತದೆ, ನಿಮ್ಮ ಕೈ ಜುಮ್ ಅನ್ನೋದು ಅದಕ್ಕೇ. ಕ್ಯಾವಿಟಿ ಬ್ಯಾಕ್‌ನಲ್ಲಿ ಹಿಂದಿನ ಭಾಗ ಕೊರೆದು ತೂಕವನ್ನು ಸುತ್ತಲಿನ ಅಂಚಿಗೆ ಹಾಕಿರುತ್ತಾರೆ, ತಲೆ ಅಷ್ಟು ತಿರುಗುವುದಿಲ್ಲ. ಇದನ್ನು ಮನೆಮಾತು ಮಾಡಿದ್ದೇ ಪಿಂಗ್‌ನ ಕಾರ್ಸ್ಟನ್ ಸೋಲ್ಹೈಮ್. ಆತ ಜನರಲ್ ಎಲೆಕ್ಟ್ರಿಕ್‌ನಲ್ಲಿ ಎಂಜಿನಿಯರ್ ಆಗಿದ್ದವರು. ಈ ಲಾಭ ಐದು ವರ್ಷ ಹಳೇ ಸೆಟ್‌ನಲ್ಲೂ ಪೂರ್ತಿ ಸಿಗುತ್ತದೆ. ಉಕ್ಕಿನ ತಲೆ ಸುಮ್ನೆ ಹಳತಾಗಲ್ಲ, ಸವೆಯೋದು ಗ್ರೂವ್ (ಮುಖದ ಮೇಲಿನ ಗೆರೆಗಳು) ಮತ್ತು ಗ್ರಿಪ್ (ಕೈ ಹಿಡಿಯೋ ರಬ್ಬರ್) ಮಾತ್ರ.

ನೋಡೋಕೆ ಹೋದಾಗ ಮೊದಲು ಹತ್ತಿರದ ಹೊಡೆತದ ಕೋಲುಗಳಾದ ಪಿಚಿಂಗ್ ವೆಜ್ ಮತ್ತು 9 ಐರನ್ ಕೈಗೆ ತಗೊಳ್ಳಿ. ಜಾಸ್ತಿ ಸವೆಯೋದು ಅವೇ. ಮುಖದ ನಡುವೆ ರೂಪಾಯಿ ನಾಣ್ಯದಷ್ಟು ಜಾಗ ಹೊಳೆಯುತ್ತಿದ್ದರೆ ಅಲ್ಲಿ ಉಗುರನ್ನು ಅಡ್ಡ ಎಳೆದು ನೋಡಿ. ಗೆರೆಗಳಿಗೆ ಉಗುರು ಸಿಕ್ಕಿ ಟಕ್ ಟಕ್ ಅನ್ನಬೇಕು. ಜಾರಿ ಹೋದರೆ ಬಿಟ್ಟುಬಿಡಿ, ಇಲ್ಲಾ ಬೆಲೆ ಇಳಿಸಿ. ಶಾಫ್ಟನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೂ ನೋಡಿ, ಬಾಗಿದ್ದರೆ ಗೊತ್ತಾಗುತ್ತದೆ. ಮುಂಬೈ, ಗೋವಾ ಕಡೆಯ ಸೆಟ್ ಆದರೆ ತುಕ್ಕು ಹುಷಾರಾಗಿ ನೋಡಬೇಕು, ಮಳೆಗಾಲ ಮುಗಿಯೋವರೆಗೆ ಬ್ಯಾಗ್ ಒಳಗೇ ಒದ್ದೆಯಾಗಿ ಇಟ್ಟಿರುತ್ತಾರೆ. ಮೇಲಿನ ಕಂದು ಕಲೆ ಒರೆಸಿದರೆ ಹೋಗುತ್ತದೆ, ಚಿಕ್ಕ ಚಿಕ್ಕ ಗುಳಿ ಬಿದ್ದಿದ್ದರೆ ಬೇಡ.

ಖಾರ್ಘರ್_ವೀಕೆಂಡ್:
ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಲಾಫ್ಟ್ ವಿಷಯ ಬಿಟ್ಟುಹೋಗಿದೆ, ದುಡ್ಡು ಸೋರೋದೇ ಅಲ್ಲಿ. ಲಾಫ್ಟ್ ಅಂದರೆ ಕೋಲಿನ ಮುಖ ಹಿಂದಕ್ಕೆ ವಾಲಿರೋ ಕೋನ, ಅದು ಕಡಿಮೆ ಆದಷ್ಟೂ ಚೆಂಡು ದೂರ ಹೋಗುತ್ತದೆ. ಹಳೇ ಬ್ಲೇಡ್‌ನಲ್ಲಿ 7 ಐರನ್ ಅಂದರೆ 35 ಡಿಗ್ರಿ ಆಸುಪಾಸು. ಈಗಿನವು 30ರ ಹತ್ತಿರ, ಕೆಲವು ಇನ್ನೂ ಕಡಿಮೆ. ಪಿಂಗ್ ಜಿ430ಯಲ್ಲಿ 7 ಐರನ್ 29 ಡಿಗ್ರಿ, ಪಿಚಿಂಗ್ ವೆಜ್ 41. ಅಂದರೆ ತಲೆ ಮೇಲೆ 7 ಅಂತ ಬರೆದಿದ್ದರೂ ಅದು ಹೆಚ್ಚುಕಡಿಮೆ ನಿಮ್ಮ ಮಾವನವರ ಕಾಲದ 5 ಐರನ್. ಅಂಗಡಿಯಲ್ಲಿ ಎರಡು ಹೊಡೆತ ಹೊಡೆದು 'ಆಹಾ, 15 ಗಜ ಜಾಸ್ತಿ ಹೋಯ್ತು' ಅಂತ ಜನ ಬರೀ ಅದನ್ನು ನೋಡಿ ಕೊಂಡುಬಿಡುತ್ತಾರೆ.

ಆಮೇಲೆ ಏನಾಗುತ್ತದೆ ಅಂದರೆ, ನಿಮ್ಮ ಹತ್ತಿರ 56 ಡಿಗ್ರಿಯ ಸ್ಯಾಂಡ್ ವೆಜ್ ಇದ್ದರೆ 41ಕ್ಕೂ 56ಕ್ಕೂ ನಡುವೆ 15 ಡಿಗ್ರಿ ಖಾಲಿ. ಆ ದೂರಕ್ಕೆ ಹೊಡೆಯೋಕೆ ಕೋಲೇ ಇಲ್ಲ. ಗ್ರೀನ್ (ಕುಳಿ ಇರೋ ನುಣ್ಣನೆ ಹುಲ್ಲಿನ ಜಾಗ) ಹತ್ತಿರ ಬಂದಾಗ ಬೇಕಾಗೋದು ಸರಿಯಾಗಿ ಅದೇ ದೂರ. ಮತ್ತೆ ಒಂದೋ ಎರಡೋ ವೆಜ್ ಕೊಳ್ಳಬೇಕಾಗುತ್ತದೆ, ನಿಮ್ಮ 35 ಸಾವಿರ ಅಲ್ಲೇ ದಾಟಿಹೋಗುತ್ತದೆ. ಹಾಗಾಗಿ ಯಾವ ಸೆಟ್ ಆದರೂ ಆ ಮಾಡೆಲ್‌ನ ಲಾಫ್ಟ್ ಪಟ್ಟಿಯನ್ನು ಕಂಪನಿ ಸೈಟ್‌ನಲ್ಲಿ ನೋಡಿ, ಪಿಚಿಂಗ್ ವೆಜ್ 44-45 ಇರೋದನ್ನೇ ಹುಡುಕಿ. ಆಗ ಮುಂದೆ 50 ಡಿಗ್ರಿಯದು ಒಂದು ಸಾಕು.

ಇನ್ನೊಂದು ಉಳಿತಾಯ: 4 ಮತ್ತು 5 ಐರನ್ ಬೇಕೇ ಇಲ್ಲ. ನೂರರ ಮೇಲೆ ಆಡೋರಿಗೆ ಅವೆರಡು ಬ್ಯಾಗ್‌ಗೆ ಭಾರ ಅಷ್ಟೇ, ಅಲ್ವಾ? 6ರಿಂದ ಪಿಚಿಂಗ್ ವೆಜ್‌ವರೆಗೆ ಐದೇ ಕೋಲು, ಮೇಲಕ್ಕೊಂದು ಹೈಬ್ರಿಡ್ (ದೂರದ ಹೊಡೆತಕ್ಕೆ ಐರನ್ನಿಗಿಂತ ಸುಲಭವಾದ ದಪ್ಪ ತಲೆಯ ಕೋಲು). ನಿಯಮದಲ್ಲಿ 14 ಕೋಲಿಗಿಂತ ಜಾಸ್ತಿ ಇರಬಾರದು ಅಂತ ಇದೆಯೇ ಹೊರತು 14 ಇರಲೇಬೇಕು ಅಂತ ಇಲ್ಲ.

ಸುಮ_ಯರವಡಾ:
ನಾನು ಇನೆಸಿಸ್ ಪರ. ಎಲ್ಲರೂ ಸೆಕೆಂಡ್ ಹ್ಯಾಂಡ್ ಅಂತಲೇ ಹೇಳ್ತೀರಿ, ಆದರೆ ಹೊಸದಾಗಿ ಕಲಿಯೋರಿಗೆ ಅಂಗಡಿಗೆ ಹೋಗಿ, ಹಿಡಿದು ನೋಡಿ, ಬಿಲ್ ಸಮೇತ ತಗೊಂಡು, ತೊಂದರೆ ಬಂದರೆ ವಾಪಸ್ ಹೋಗಿ ಕೇಳೋ ನೆಮ್ಮದಿಗೂ ಬೆಲೆ ಇದೆ. ಅವೂ ಕ್ಯಾವಿಟಿ ಬ್ಯಾಕ್‌ಗಳೇ. ಹಗುರವಾದ ಗ್ರ್ಯಾಫೈಟ್ ಶಾಫ್ಟ್‌ನಲ್ಲೂ ಬರುತ್ತವೆ. ಮೊಣಕೈ ನೋವಿರೋರು, ನಿಧಾನ ಸ್ವಿಂಗ್ ಇರೋರು ಇದನ್ನು ಯೋಚಿಸಲೇಬೇಕು. ನನಗೆ ಭಾರದ ಸ್ಟೀಲ್‌ನಿಂದ ಗ್ರ್ಯಾಫೈಟ್‌ಗೆ ಬಂದ ಮೇಲೆ ಕೊನೆಯ ಹೋಲ್‌ಗಳಲ್ಲಿ ಕೈ ಸೋಲೋದು ನಿಂತಿದೆ.

ಧಾರವಾಡ_ಟು_ಪುಣೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್ ರೀ. ಆನ್‌ಲೈನ್‌ದು ಬಿಟ್ಟೆ. ನೋಡಿಟ್ಟಿರೋ ಪಿಂಗ್ ಸೆಟ್ 5ರಿಂದ ಪಿಚಿಂಗ್ ವೆಜ್‌ವರೆಗೆ, ಸ್ಟೀಲ್ ಶಾಫ್ಟ್, ಮೇಲೆ 'ಸ್ಟಿಫ್' ಅಂತ ಇದೆ. 32 ಸಾವಿರ ಹೇಳಿದ್ದಾರೆ. ತಲೆ ಮೇಲೆ ನೀಲಿ ಚುಕ್ಕೆ ಇದೆ, ಅದೇನು?

ಚೆಂಬೂರಿನ_ಕುಂದಾಪುರದವ:
ಒಳ್ಳೇ ಪ್ರಶ್ನೆ ಕೇಳಿದ್ರಿ. ಪಿಂಗ್‌ನಲ್ಲಿ ಆ ಚುಕ್ಕೆ ಲೈ ಆಂಗಲ್‌ನ ಗುರುತು. ಲೈ ಆಂಗಲ್ ಅಂದರೆ ತಲೆಯನ್ನು ನೆಲಕ್ಕೆ ಇಟ್ಟಾಗ ಶಾಫ್ಟ್ ನೆಲಕ್ಕೆ ಮಾಡೋ ಕೋನ; ಫ್ಲ್ಯಾಟ್ ಅಂದರೆ ಜಾಸ್ತಿ ಓರೆ, ಅಪ್‌ರೈಟ್ ಅಂದರೆ ಜಾಸ್ತಿ ನೆಟ್ಟಗೆ. ಕಪ್ಪು ಅಂದರೆ ಸ್ಟ್ಯಾಂಡರ್ಡ್, ಕೆಂಪು ಅಂದರೆ ಫ್ಲ್ಯಾಟ್, ನೀಲಿ ಅಂದರೆ ಅಪ್‌ರೈಟ್. ನೀಲಿ ಸಾಮಾನ್ಯವಾಗಿ ನಿಮಗಿಂತ ಎತ್ತರದವರಿಗೆ ಹೊಂದುತ್ತದೆ. ಆದರೂ ಎತ್ತರ ಒಂದರಿಂದಲೇ ತೀರ್ಮಾನ ಮಾಡಬೇಡಿ, ಕೈ ಎಷ್ಟು ಉದ್ದ ಅನ್ನೋದೂ ಲೆಕ್ಕಕ್ಕೆ ಬರುತ್ತದೆ.

ರೇಂಜ್‌ನಲ್ಲಿ (ಅಭ್ಯಾಸದ ಮೈದಾನದಲ್ಲಿ) ಹೀಗೆ ಮಾಡಿ. ಬೋರ್ಡ್ ಮೇಲೆ ಬರೆಯೋ ಮಾರ್ಕರ್‌ನಿಂದ ಚೆಂಡಿನ ಮೇಲೆ ದಪ್ಪ ಗೆರೆ ಎಳೆಯಿರಿ. ಆ ಗೆರೆ ನೆಟ್ಟಗೆ ನಿಂತು ಐರನ್ನಿನ ಮುಖಕ್ಕೆ ಎದುರಾಗೋ ಹಾಗೆ ಚೆಂಡು ಇಟ್ಟು ಹೊಡೆಯಿರಿ. ಗೆರೆಯ ಅಚ್ಚು ಮುಖದ ಮೇಲೆ ಬೀಳುತ್ತದೆ. ನೆಟ್ಟಗಿದ್ದರೆ ಕೋಲು ನಿಮಗೆ ಸರಿ. ಅಚ್ಚಿನ ಮೇಲ್ತುದಿ ಟೋ (ತಲೆಯ ಹೊರತುದಿ) ಕಡೆ ವಾಲಿದ್ದರೆ ಕೋಲು ನಿಮಗೆ ಜಾಸ್ತಿ ಅಪ್‌ರೈಟ್, ಚೆನ್ನಾಗಿ ಹೊಡೆದರೂ ಚೆಂಡು ಎಡಕ್ಕೆ ಹೋಗುತ್ತದೆ (ಬಲಗೈ ಆಟಗಾರರಾದರೆ). ಹೀಲ್ (ಶಾಫ್ಟ್ ಸೇರೋ ತುದಿ) ಕಡೆ ವಾಲಿದರೆ ಉಲ್ಟಾ. ಒಂದೇ ಹೊಡೆತ ನಂಬಬೇಡಿ, ಒರೆಸಿ ಒರೆಸಿ ಕೆಲವು ಸಲ ನೋಡಿ.

ಒಂದೆರಡು ಡಿಗ್ರಿ ಬಗ್ಗಿಸಿ ಸರಿ ಮಾಡಬಹುದು. ಫೋರ್ಜ್ಡ್ (ಬಡಿದು ರೂಪಿಸಿದ) ತಲೆ ಸುಲಭವಾಗಿ ಬಗ್ಗುತ್ತದೆ. ಎರಕದ ಗಟ್ಟಿ ಸ್ಟೇನ್‌ಲೆಸ್ ತಲೆ ಅಷ್ಟು ಬಗ್ಗಲ್ಲ, ಅನುಭವ ಇಲ್ಲದವರ ಕೈಗೆ ಕೊಟ್ಟರೆ ಮುರಿದೂ ಹೋಗಬಹುದು. ಕೊಳ್ಳೋ ಮುಂಚೆಯೇ ಕ್ಲಬ್ಬಿನ ಪ್ರೊ ಶಾಪ್‌ನಲ್ಲಿ ಕೇಳಿಕೊಳ್ಳಿ.

ಖಾರ್ಘರ್_ವೀಕೆಂಡ್:
ನನಗೆ ಚುಕ್ಕೆಗಿಂತ ಆ 'ಸ್ಟಿಫ್' (ಕಡಿಮೆ ಬಾಗೋ ಶಾಫ್ಟ್) ಚಿಂತೆ. ಲೈ ಬಗ್ಗಿಸಬಹುದು, ಶಾಫ್ಟ್ ಬದಲಾಯಿಸೋಕೆ ಹೋದರೆ ಸೆಟ್‌ನಷ್ಟೇ ಖರ್ಚು. ನಿಮ್ಮ 7 ಐರನ್ ಕ್ಯಾರಿ (ಚೆಂಡು ಗಾಳಿಯಲ್ಲಿ ಹಾರೋ ದೂರ) ಎಷ್ಟು? 130 ಗಜದ ಆಸುಪಾಸು ಅಂದರೆ ಇನ್ನೂ ಸ್ವಲ್ಪ ಬಾಗೋ ರೆಗ್ಯುಲರ್ ಫ್ಲೆಕ್ಸ್ ಸಾಕು. ಶಾಫ್ಟ್ ತೂಕವನ್ನೂ ನೋಡಿ. ಡೈನಾಮಿಕ್ ಗೋಲ್ಡ್ ಥರದ್ದು 120 ಗ್ರಾಂ ಮೇಲೆ, ನಿಪ್ಪಾನ್ 950 ಥರದ್ದು 100ರ ಆಸುಪಾಸು. 20 ಗ್ರಾಂ ಏನು ಮಹಾ ಅನ್ನಿಸಬಹುದು, ಏಪ್ರಿಲ್ ಬಿಸಿಲಲ್ಲಿ 18 ಹೋಲ್ ನಡೆದು ನೋಡಿ.

32 ಸಾವಿರ ಜಾಸ್ತಿಯೇ ಆಯ್ತು. ಗ್ರಿಪ್ ಗಟ್ಟಿಯಾಗಿ ಹೊಳೆಯುತ್ತಿದ್ದರೆ ಹೊಸದು ಹಾಕಿಸೋ ಖರ್ಚು ಬೆಲೆಯಲ್ಲಿ ಕಳೆಯೋಕೆ ಹೇಳಿ. 7 ಐರನ್ ಒಂದನ್ನು ರೇಂಜ್‌ಗೆ ಒಯ್ದು ಒಂದು ಬಕೆಟ್ ಚೆಂಡು ಹೊಡೆಯೋಕೆ ಕೊಡ್ತಾರಾ ಕೇಳಿ. ಕೊಡಲ್ಲ ಅಂದರೆ ಬೇರೆ ಸೆಟ್ ನೋಡಿ.

ಧಾರವಾಡ_ಟು_ಪುಣೆ:
ಕ್ಯಾರಿ 125-130 ಅಷ್ಟೇ ರೀ. ಹಾಗಾದ್ರೆ ಈ ಸ್ಟಿಫ್ ಸೆಟ್ ಬೇಡ. ರೆಗ್ಯುಲರ್, ಕಪ್ಪು ಅಥವಾ ಕೆಂಪು ಚುಕ್ಕೆ, 6ರಿಂದ ಪಿಚಿಂಗ್ ವೆಜ್‌ವರೆಗೆ ಯಾರ ಹತ್ತಿರವಾದರೂ ಇದ್ದರೆ ಇಲ್ಲೇ ಹೇಳಿ. ಮುಂಬೈ ಆದರೂ ಸರಿ, ಭಾನುವಾರ ಬಂದು ನೋಡ್ತೀನಿ. ಸುಮ ಅವರೇ, ಅಷ್ಟರಲ್ಲಿ ಇನೆಸಿಸ್ ಗ್ರ್ಯಾಫೈಟ್ ಕೂಡ ಅಂಗಡಿಯಲ್ಲಿ ಹಿಡಿದು ನೋಡಿ ಬರ್ತೀನಿ.