ಪದಚರ್ಚೆ: ‘ಡಿಜಿಟಲ್’ ಎಂದರೆ ‘ಗುಪ್ತ’ವೇ? ಸ್ಕ್ಯಾನರ್ ಲೋಕದ ಕೆಲವು ಪದಗಳು

ಪ್ರಶ್ನೆ:

ಅಮೆರಿಕದ ಪೊಲೀಸ್ ಮತ್ತು ಅಗ್ನಿಶಾಮಕ ಇಲಾಖೆಗಳು ಹೊಸ ರೇಡಿಯೊ ಜಾಲಗಳಿಗೆ ಹೊರಳಿದ ಮೇಲೆ ಸ್ಕ್ಯಾನರ್ (ಹಲವು ಫ್ರೀಕ್ವೆನ್ಸಿಗಳನ್ನು ಒಂದೊಂದಾಗಿ ತಡಕಿ ಮಾತು ಹಿಡಿಯುವ ರೇಡಿಯೊ) ಇಟ್ಟುಕೊಂಡು ಕೇಳುವವರ ಪಾಡೇನು ಎಂಬ ಬರಹವೊಂದು ಕನ್ನಡಕ್ಕೆ ಬರುತ್ತಿದೆ. ಕರಡಿನಲ್ಲಿ ಈ ವಾಕ್ಯವಿದೆ: ‘ಪೊಲೀಸರು ಡಿಜಿಟಲ್ ಗುಪ್ತ ವಾಹಿನಿಗಳಿಗೆ ಬದಲಾದ್ದರಿಂದ ರೇಡಿಯೊ ಹವ್ಯಾಸಿಗಳ ಸ್ಕ್ಯಾನರ್‌ಗಳು ಮೂಕವಾದವು.’ ಇದು ಸರಿಯೇ? ‘ಟ್ರಂಕಿಂಗ್’ಗೆ ‘ಕಾಂಡೀಕರಣ’, ‘ಸೈಮಲ್‌ಕಾಸ್ಟ್’ಗೆ ‘ಸಹಪ್ರಸಾರ’, ‘ಎನ್‌ಕ್ರಿಪ್ಶನ್’ಗೆ ‘ಸಂಕೇತೀಕರಣ’ ಎಂಬ ಸಲಹೆಗಳೂ ಬಂದಿವೆ. ತಿಳಿದವರು ಹೇಳಬೇಕು.

ಉತ್ತರ 1:

‘ಕಾಂಡೀಕರಣ’ ಬೇಡ. ಕನ್ನಡಿಗರಿಗೆ ‘ಟ್ರಂಕ್ ಕಾಲ್’ ಗೊತ್ತು. ಈ ಟ್ರಂಕ್ ಕೂಡ ಅದೇ. ಎರಡು ಟೆಲಿಫೋನ್ ಎಕ್ಸ್‌ಚೇಂಜುಗಳ ನಡುವಿನ ಕೆಲವೇ ತಂತಿಗಳನ್ನು ಊರಿಗೆ ಊರೇ ಹಂಚಿಕೊಂಡು ಬಳಸುತ್ತಿತ್ತು. ಟ್ರಂಕಿಂಗ್ ರೇಡಿಯೊದಲ್ಲಿ ತಂತಿಯ ಬದಲು ಫ್ರೀಕ್ವೆನ್ಸಿ, ಅಷ್ಟೇ ವ್ಯತ್ಯಾಸ. ಒಂದು ಜಾಲಕ್ಕೆ ಹತ್ತು ಫ್ರೀಕ್ವೆನ್ಸಿ ಇವೆ ಎಂದುಕೊಳ್ಳಿ. ಒಂದು ಕಂಟ್ರೋಲ್ ಚಾನೆಲ್, ಅದು ಹಗಲೂ ರಾತ್ರಿ ದತ್ತಾಂಶ ಹರಿಸುತ್ತಲೇ ಇರುತ್ತದೆ. ಉಳಿದ ಒಂಬತ್ತು ಮಾತಿಗೆ. ಯಾರಾದರೂ ಗುಂಡಿ ಒತ್ತಿದ ಕ್ಷಣ ‘ಈ ಗುಂಪು ಈಗ ಈ ಫ್ರೀಕ್ವೆನ್ಸಿಯಲ್ಲಿ’ ಎಂದು ಕಂಟ್ರೋಲ್ ಚಾನೆಲ್ ಸಾರುತ್ತದೆ. ಪ್ರಶ್ನೆ ಒಂದು ಫ್ರೀಕ್ವೆನ್ಸಿಯಲ್ಲಿ, ಅದರ ಉತ್ತರ ಇನ್ನೊಂದರಲ್ಲಿ ಬರಬಹುದು. ಹಳೆಯ ಸ್ಕ್ಯಾನರ್‌ಗೆ ಹತ್ತನ್ನೂ ತುಂಬಿಸಿ ಬಿಟ್ಟರೆ ಬರೀ ತುಂಡುಮಾತು ಸಿಗುತ್ತದೆ. ಜತೆಗೆ ಕಂಟ್ರೋಲ್ ಚಾನೆಲ್‌ನ ಗುರ್ ಸದ್ದಿಗೆ ಅದು ಅಲ್ಲೇ ನಿಂತುಬಿಡುತ್ತದೆ.

ಟ್ರಂಕಿಂಗ್ ತಿಳಿದ ಸ್ಕ್ಯಾನರ್‌ಗೆ ಮೂರು ಸಂಗತಿ ಹೇಳಿಕೊಡಬೇಕು: ಜಾಲದ ಬಗೆ, ಕಂಟ್ರೋಲ್ ಚಾನೆಲ್‌ನ ಫ್ರೀಕ್ವೆನ್ಸಿ (ಬದಲಿಗಳನ್ನೂ ಸೇರಿಸಬೇಕು, ಅದು ಸರದಿಯಲ್ಲಿ ಜಾಗ ಬದಲಿಸುವ ಜಾಲಗಳಿವೆ), ಮತ್ತು ಟಾಕ್‌ಗ್ರೂಪ್ (ತಮ್ಮತಮ್ಮಲ್ಲೇ ಮಾತಾಡುವ ರೇಡಿಯೊಗಳ ಗುಂಪು) ಸಂಖ್ಯೆ. ಸಂಖ್ಯೆಯನ್ನು ದಶಮಾನದಲ್ಲಿ ಕೊಡಬೇಕಾದಲ್ಲಿ ಹೆಕ್ಸ್‌ನಲ್ಲಿ (ಹದಿನಾರರ ಮಾನ) ಕೊಟ್ಟರೆ ಒಂದು ಮಾತೂ ಬರುವುದಿಲ್ಲ. ಆಗ ‘ಎನ್‌ಕ್ರಿಪ್ಟ್ ಮಾಡಿಬಿಟ್ಟಿದ್ದಾರೆ’ ಎಂಬ ದೂರು ಹುಟ್ಟುತ್ತದೆ.

ಹೀಗಾಗಿ ಅನುವಾದದಲ್ಲಿ ‘ವಾಹಿನಿ’ ಕೈಕೊಡುತ್ತದೆ. ಹಳೆಯ ಪದ್ಧತಿಯಲ್ಲಿ ಒಂದು ಚಾನೆಲ್ ಎಂದರೆ ಒಂದು ಫ್ರೀಕ್ವೆನ್ಸಿ. ಟ್ರಂಕಿಂಗ್‌ನಲ್ಲಿ ಅಧಿಕಾರಿ ತಿರುಪು ತಿರುಗಿಸಿ ‘ಚಾನೆಲ್ 3’ ಎಂದರೂ ಅದು ಟಾಕ್‌ಗ್ರೂಪ್. ‘ಮಾತುಗುಂಪು’ ಎಂದರೆ ಓದುಗರಿಗೆ ಥಟ್ಟನೆ ಹೊಳೆಯುತ್ತದೆ. ಫ್ರೀಕ್ವೆನ್ಸಿಗೆ ‘ತರಂಗಾಂತರ’ ಮಾತ್ರ ಬರೆಯಬೇಡಿ. ಪತ್ರಿಕೆಗಳು ಅದನ್ನು ಸ್ಪೆಕ್ಟ್ರಮ್‌ಗೆ ಬಳಸಿ ರೂಢಿ ಮಾಡಿವೆ, ನಿಜಾರ್ಥದಲ್ಲಿ ಅದು ಅಲೆಯ ಉದ್ದ. ‘ಆವರ್ತನ’ ಆದೀತು.

ಇನ್ನು ‘ಡಿಜಿಟಲ್ ಗುಪ್ತ’. ಕರಡಿನ ದೊಡ್ಡ ತಪ್ಪು ಇದು. ಅಮೆರಿಕದಲ್ಲಿ ಚಾಲ್ತಿಯಲ್ಲಿರುವ ಪ್ರಾಜೆಕ್ಟ್ 25, ಬಳಕೆಯಲ್ಲಿ ಪಿ25, ಇಂಥ ಇಲಾಖೆಗಳ ಡಿಜಿಟಲ್ ರೇಡಿಯೊಗೆ ಇರುವ ಬಹಿರಂಗ ಮಾನಕ. ಅದರ ಮೊದಲ ಹಂತದಲ್ಲಿ 12.5 ಕಿಲೋಹರ್ಟ್ಸ್ ಅಗಲದ ಒಂದು ಚಾನೆಲ್‌ನಲ್ಲಿ ಒಂದೇ ಮಾತು; ಎರಡನೇ ಹಂತದಲ್ಲಿ ಅದೇ ಅಗಲವನ್ನು ಕಾಲದಲ್ಲಿ ಸೀಳಿ ಎರಡು ಮಾತು. ದನಿಯನ್ನು ಅಂಕಿಗಳಾಗಿ ಕುಗ್ಗಿಸುವ ವೋಕೋಡರ್ ಕೂಡ ಬೇರೆ: ಮೊದಲನೆಯದಕ್ಕೆ ಐಎಂಬಿಇ, ಎರಡನೆಯದಕ್ಕೆ ಎಎಂಬಿಇ+2. ಆದ್ದರಿಂದ ಮೊದಲ ಹಂತ ಮಾತ್ರ ಬಲ್ಲ ಸ್ಕ್ಯಾನರ್ ಎರಡನೇ ಹಂತದ ಮಾತನ್ನು ಬಿಡಿಸಲಾರದು. ಅಲ್ಲಿ ಗುಟ್ಟೇನೂ ಇಲ್ಲ, ಸರಿಯಾದ ಯಂತ್ರ ಬೇಕು.

ಇನ್ನೊಂದು ಬಲೆ: ಎರಡನೇ ಹಂತದ ದಾಖಲೆಗಳಲ್ಲಿ ‘ಸ್ಕ್ರಾಂಬ್ಲಿಂಗ್’ ಎಂಬ ಪದ ಬರುತ್ತದೆ. ಅದೂ ಗೌಪ್ಯತೆಯಲ್ಲ. ಜಾಲದ ಗುರುತು ಸಂಖ್ಯೆಗಳಿಂದ ಹುಟ್ಟುವ ಅಂಕಿಸಾಲನ್ನು ದನಿಯ ಅಂಕಿಗಳಿಗೆ ಬೆರೆಸುತ್ತಾರೆ, ಆ ಸಂಖ್ಯೆಗಳನ್ನು ಕಂಟ್ರೋಲ್ ಚಾನೆಲ್ಲೇ ಎಲ್ಲರಿಗೂ ಸಾರುತ್ತದೆ. ಬಾಗಿಲಿಗೆ ಚಿಲಕ ಹಾಕಿದಂತೆ, ಬೀಗ ಅಲ್ಲ.

ಬೀಗ ಎಂದರೆ ಎನ್‌ಕ್ರಿಪ್ಶನ್: ಕೀಲಿ ಇದ್ದವರಿಗೆ ಮಾತ್ರ ಮಾತು ತಿಳಿಯುವಂತೆ ಮಾಡುವುದು. ಇದಕ್ಕೆ ‘ಸಂಕೇತೀಕರಣ’ ಎಂದರೆ ವೋಕೋಡರ್ ಮಾಡುವ ಎನ್‌ಕೋಡಿಂಗ್ ಜತೆ ಬೆರೆತುಹೋಗುತ್ತದೆ. ‘ಸಂಕೇತಭಾಷೆ’ ಎಂದರೆ ‘10-4’ ಥರದ ಪೊಲೀಸ್ ಅಂಕಿಮಾತು ನೆನಪಾಗುತ್ತದೆ. ‘ಗೂಢಲಿಪೀಕರಣ’ ನಿಘಂಟಿಗೆ ಸರಿ, ಮಾತಿನ ವಿಷಯದಲ್ಲಿ ‘ಲಿಪಿ’ ಎಲ್ಲಿಂದ ಬಂತು ಎನಿಸಿದರೂ. ಎನ್‌ಕ್ರಿಪ್ಶನ್ ಎಂದೇ ಇಟ್ಟು, ‘ಕೀ’ಗೆ ‘ಕೀಲಿ’ ಎನ್ನಿ. ಪಿ25 ರೇಡಿಯೊ ಪ್ರತಿ ಮಾತಿನ ಜತೆ ಯಾವ ವಿಧಾನ ಎಂಬ ಗುರುತನ್ನು ತೆರೆದೇ ಕಳಿಸುತ್ತದೆ: ಹೆಕ್ಸ್ 80 ಎಂದರೆ ಬೀಗವಿಲ್ಲ, 81 ಎಂದರೆ ಡಿಇಎಸ್, 84 ಎಂದರೆ ಎಇಎಸ್-256. ಸ್ಕ್ಯಾನರ್ ಆ ಗುರುತು ನೋಡಿ ದನಿ ಅದುಮುತ್ತದೆ, ಪರದೆಯಲ್ಲಿ ಮಾತುಗುಂಪಿನ ಸಂಖ್ಯೆ ಮಾತ್ರ ಮೂಡುತ್ತದೆ. ಕೀಲಿಯಿಲ್ಲದೆ ಎಇಎಸ್-256 ತೆರೆಯುವ ಸ್ಕ್ಯಾನರ್ ಇಲ್ಲ. 1986ರ ಎಲೆಕ್ಟ್ರಾನಿಕ್ ಕಮ್ಯುನಿಕೇಷನ್ಸ್ ಪ್ರೈವಸಿ ಆ್ಯಕ್ಟ್ ಪ್ರಕಾರ ಬೀಗ ಹಾಕಿದ ಮಾತಿಗೆ ಕೈಹಾಕುವಂತೆಯೂ ಇಲ್ಲ.

‘ಮೂಕ’ ಪದಕ್ಕೂ ಒಂದು ತಕರಾರು. ಸ್ಕ್ಯಾನರ್ ಕೇಳಿಸಿಕೊಳ್ಳುವ ಯಂತ್ರ. ಪಿ25 ಅರಿಯದ ಅನಲಾಗ್ ಸ್ಕ್ಯಾನರ್ ಮೂಕವಾಗದು, ಗರಗಸ ಎಳೆದಂತೆ ಅರಚುತ್ತದೆ. ಬೀಗ ಬಿದ್ದ ಮಾತಿಗೆ ಮಾತ್ರ ‘ಮೂಕ’ ಒಪ್ಪುತ್ತದೆ: ಎಲ್ಲ ಕೇಳಿಸುತ್ತದೆ, ಬಾಯಿ ಬಿಡುವುದಿಲ್ಲ.

ಉತ್ತರ 2:

ಮೇಲಿನದಕ್ಕೆ ಸೈಮಲ್‌ಕಾಸ್ಟ್ ಸೇರಿಸುವೆ. ‘ಸಹಪ್ರಸಾರ’ ಎಂದರೆ ಟಿವಿ ನೋಡುವವರು ಒಂದೇ ಕಾರ್ಯಕ್ರಮ ಎರಡು ವಾಹಿನಿಗಳಲ್ಲಿ ಎಂದುಕೊಳ್ಳುತ್ತಾರೆ. ಇಲ್ಲಿ ಹಲವು ಗೋಪುರಗಳು ಒಂದೇ ಆವರ್ತನದಲ್ಲಿ, ಒಂದೇ ಹೊತ್ತಿಗೆ, ಅದೇ ಮಾತನ್ನು ಕಳಿಸುತ್ತವೆ. ಮೊದಲ ಹಂತದ ಪಿ25 ಸೆಕೆಂಡಿಗೆ 4800 ಚಿಹ್ನೆ ಕಳಿಸುತ್ತದೆ, ಒಂದಕ್ಕೆ ಸುಮಾರು 208 ಮೈಕ್ರೊಸೆಕೆಂಡ್. ಒಂದು ಗೋಪುರ ನಿಮ್ಮಿಂದ ಇನ್ನೊಂದಕ್ಕಿಂತ 15 ಕಿಲೋಮೀಟರ್ ಹೆಚ್ಚು ದೂರವಿದ್ದರೆ ಅದರ ಅಲೆ 50 ಮೈಕ್ರೊಸೆಕೆಂಡ್ ತಡ, ಅಂದರೆ ಚಿಹ್ನೆಯ ಕಾಲುಭಾಗ. ಎರಡೂ ಸರಿಸುಮಾರು ಒಂದೇ ಬಲದಲ್ಲಿ ಬಂದರೆ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಇಲಾಖೆಯ ರೇಡಿಯೊ ಇದಕ್ಕೆಂದೇ ತಯಾರಾದದ್ದು, ನಿಭಾಯಿಸುತ್ತದೆ. ಎಫ್‌ಎಂ ಗ್ರಾಹಕದ (ರಿಸೀವರ್) ಆಧಾರದ ಹಳೆಯ ಸ್ಕ್ಯಾನರ್ ಎಡವುತ್ತದೆ: ಸಿಗ್ನಲ್ ಗೀಟು ಪೂರ್ತಿ, ಮಾತು ಮಾತ್ರ ಚೂರುಚೂರು.

ಹೀಗಾದಾಗ ದೊಡ್ಡ ಆ್ಯಂಟೆನಾ ಹಾಕಿದರೆ ಕಾಟ ಇನ್ನೂ ಹೆಚ್ಚು, ಯಾಕೆಂದರೆ ದೂರದ ಗೋಪುರಗಳೂ ಒಳಬರುತ್ತವೆ. ತಗ್ಗಿಸಬೇಕು: ಆ್ಯಟೆನ್ಯುಯೇಟರ್ (ಸಿಗ್ನಲ್ ಕುಗ್ಗಿಸುವ ಸಾಧನ) ಹಾಕುವುದು, ಇಲ್ಲವೇ ಒಂದೇ ದಿಕ್ಕಿನಿಂದ ಹಿಡಿಯುವ ಯಾಗಿ ಆ್ಯಂಟೆನಾವನ್ನು ಒಂದೇ ಗೋಪುರಕ್ಕೆ ಗುರಿಯಿಡುವುದು, ಇಲ್ಲವೇ ಸ್ಕ್ಯಾನರನ್ನು ಮೇಜಿನ ಈ ತುದಿಯಿಂದ ಆ ತುದಿಗೆ ಸರಿಸಿ ನೋಡುವುದು. ಕೊನೆಯದು ತಮಾಷೆ ಅಲ್ಲ, 800 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ 40 ಸೆಂಟಿಮೀಟರಿಗಿಂತ ಕಡಿಮೆ, ಕೊಂಚ ಸರಿಸಿದರೂ ಅಲೆಗಳು ಕೂಡುವ ರೀತಿ ಬದಲಾಗುತ್ತದೆ. ಗಟ್ಟಿ ಪರಿಹಾರವೆಂದರೆ 2018ರಲ್ಲಿ ಬಂದ ಯೂನಿಡೆನ್ ಎಸ್‌ಡಿಎಸ್100 ರೀತಿಯ ಐಕ್ಯೂ ಗ್ರಾಹಕ (ಅಲೆಯ ಪೂರ್ತಿ ವಿವರ ಅಳೆದು ಲೆಕ್ಕದಿಂದ ಬಿಡಿಸುವಂಥದು), ಅಥವಾ ಕಂಪ್ಯೂಟರಿಗೆ ಸಿಕ್ಕಿಸುವ ಆರ್‌ಟಿಎಲ್-ಎಸ್‌ಡಿಆರ್ ರೇಡಿಯೊ ಡಾಂಗಲ್ ಜತೆ ಓಪಿ25 ಇಲ್ಲವೇ ಎಸ್‌ಡಿಆರ್‌ಟ್ರಂಕ್ ತಂತ್ರಾಂಶ. ಒಂದು ಡಾಂಗಲ್ ಒಮ್ಮೆಗೆ ಸುಮಾರು 2.4 ಮೆಗಾಹರ್ಟ್ಸ್ ಮಾತ್ರ ನೋಡುತ್ತದೆ; ಜಾಲ 851ರಿಂದ 860 ಮೆಗಾಹರ್ಟ್ಸ್‌ವರೆಗೆ ಹರಡಿದ್ದರೆ ಒಂದರಿಂದ ಎಲ್ಲ ಮಾತನ್ನೂ ಹಿಡಿಯಲಾಗದು.

ಬರಹದಲ್ಲಿ ‘ನ್ಯಾರೋಬ್ಯಾಂಡಿಂಗ್’ ಬಂದರೆ ‘ಚಾನೆಲ್ ಅಗಲ ಕಿರಿದಾಗಿಸುವುದು’ ಸಾಕು. ಎಫ್‌ಸಿಸಿ (ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ) ಅದಕ್ಕೆ ಕೊಟ್ಟ ಗಡುವು 2013ರ ಜನವರಿ 1. ಹಳೆಯ ಸ್ಕ್ಯಾನರ್‌ನಲ್ಲಿ ದನಿ ಕೊಂಚ ಸಣ್ಣಗಾಯಿತು, ಅಷ್ಟೇ.

ಪ್ರಶ್ನೆ ಮುಂದುವರಿಕೆ:

ಹಾಗಾದರೆ ‘ಅಮೆರಿಕದ ಎಲ್ಲ ಪೊಲೀಸ್ ಮಾತಿಗೂ ಕಾನೂನಿನಂತೆ ಬೀಗ’ ಎಂಬ ಮುಂದಿನ ಸಾಲು?

ಉತ್ತರ 1:

ಅದೂ ನಿಲ್ಲದು. ಬೀಗ ಆಯಾ ಇಲಾಖೆಯ ತೀರ್ಮಾನ, ಅದೂ ಮಾತುಗುಂಪಿಗೊಂದರಂತೆ. ಪೊಲೀಸ್ ಗುಂಪುಗಳಿಗೆ ಬೀಗ ಹಾಕಿ ಅಗ್ನಿಶಾಮಕ ಗುಂಪುಗಳನ್ನು ತೆರೆದಿಟ್ಟ ಜಾಲಗಳು ಹಲವು. ಕ್ಯಾಲಿಫೋರ್ನಿಯಾದ ನ್ಯಾಯ ಇಲಾಖೆ 2020ರ ಅಕ್ಟೋಬರಿನಲ್ಲಿ ಹೊರಡಿಸಿದ ಸೂಚನೆಯಲ್ಲೂ ಎರಡು ದಾರಿ ಇದ್ದವು: ಎನ್‌ಕ್ರಿಪ್ಟ್ ಮಾಡಿ, ಇಲ್ಲವೇ ವ್ಯಕ್ತಿಗಳ ಖಾಸಗಿ ವಿವರ ತೆರೆದ ರೇಡಿಯೊದಲ್ಲಿ ಬಾರದಂತೆ ನಿಯಮ ಮಾಡಿ. ಶಿಕಾಗೊದಲ್ಲಿ ಬೀಗದ ಜತೆಗೆ 30 ನಿಮಿಷ ತಡವಾಗಿ ಕೇಳಿಸುವ ಏರ್ಪಾಡು ಬಂತು. ಅದನ್ನು ‘ನೇರ’ ಎಂದು ಬರೆಯದಿರಿ.

ಕರಡಿನ ‘ರೇಡಿಯೊ ಹವ್ಯಾಸಿ’ಯನ್ನೂ ತೆಗೆಯಿರಿ. ಕನ್ನಡದಲ್ಲಿ ‘ಹವ್ಯಾಸಿ ರೇಡಿಯೊ’ ಎಂದರೆ ಹ್ಯಾಮ್, ಅವರು ಪರವಾನಗಿ ಪಡೆದು ಮಾತಾಡುವವರು. ಇವರು ಕೇಳುವವರಷ್ಟೇ. ‘ಕದ್ದಾಲಿಸುವವರು’ ಎನ್ನುವಂತಿಲ್ಲ, ತೆರೆದ ಮಾತನ್ನು ಕೇಳಲು ಆ 1986ರ ಕಾನೂನೇ ಅವಕಾಶ ಬಿಟ್ಟಿದೆ. ‘ಸ್ಕ್ಯಾನರ್ ಕೇಳುಗರು’ ಎನ್ನಿ. ವಾಕ್ಯ ಹೀಗಿರಲಿ: ‘ಪೊಲೀಸರು ಪಿ25 ಜಾಲಕ್ಕೆ ಬಂದಾಗ ಹಳೆಯ ಸ್ಕ್ಯಾನರ್‌ಗಳು ಕೆಲಸಕ್ಕೆ ಬಾರದಾದವು, ಮಾತುಗುಂಪುಗಳಿಗೆ ಬೀಗ ಬಿದ್ದ ಮೇಲೆ ಹೊಸ ಸ್ಕ್ಯಾನರ್‌ಗಳೂ ಮೂಕವಾದವು.’