ಗೋಬಿಯ ಬಣ್ಣ ಹಿಡಿಯಲು ಪೇಪರ್ ಕ್ರೊಮಟೋಗ್ರಫಿ ಸಾಕಾ?

ಹೈಸ್ಕೂಲ್ ಟೀಚರ್:
2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ, ಕಾಟನ್ ಕ್ಯಾಂಡಿ ಬಣ್ಣದ ಮೇಲೆ ಸರ್ಕಾರ ನಿಷೇಧ ಹೇರಿತಲ್ಲ, ಅದನ್ನೇ ವಿಜ್ಞಾನ ಮೇಳಕ್ಕೆ ಮಾಡಬೇಕೆಂದು ನಮ್ಮ ಮಕ್ಕಳು ಹಠ ಹಿಡಿದಿದ್ದಾರೆ. ಪೇಪರ್ ಕ್ರೊಮಟೋಗ್ರಫಿ, ಅಂದರೆ ಕಾಗದದ ಮೇಲೆ ದ್ರವ ಹರಿಸಿ ಬಣ್ಣಗಳನ್ನು ಬೇರ್ಪಡಿಸುವುದು, ಮಾಡೋಣವೆಂದರೆ ನಮ್ಮಲ್ಲಿರುವುದು ಫಿಲ್ಟರ್ ಪೇಪರ್, ಬೀಕರ್ ಅಷ್ಟೇ. ಏನಾದರೂ ಗೊತ್ತಾಗುತ್ತದಾ?

ಹಳೇ ಲ್ಯಾಬಿನವ:
ಗೊತ್ತಾಗುತ್ತದೆ ಮೇಡಂ, ಆದರೆ ಅರ್ಧ. ಆಹಾರ ಪರೀಕ್ಷೆ ಲ್ಯಾಬಿನಲ್ಲಿ ಇದೇ ನನ್ನ ಕೆಲಸವಾಗಿತ್ತು.

ತಿಂಡಿಯ ರಸವನ್ನು ನೇರವಾಗಿ ಪೇಪರ್ ಮೇಲೆ ಇಡಬೇಡಿ. ಸಕ್ಕರೆ, ಎಣ್ಣೆ ಇದ್ದರೆ ಚುಕ್ಕೆ ಬಾಲ ಬಿಡುತ್ತದೆ. ನಾವು ರಸಕ್ಕೆ ಸ್ವಲ್ಪ ಅಸಿಟಿಕ್ ಆಸಿಡ್ ಹಾಕಿ, ಬಿಳಿ ಉಣ್ಣೆ ದಾರ ಮುಳುಗಿಸಿ ಕಾಯಿಸುತ್ತಿದ್ದೆವು. ಬಣ್ಣ ದಾರಕ್ಕೆ ಹತ್ತುತ್ತದೆ. ದಾರ ತೊಳೆದು, ತೆಳು ಅಮೋನಿಯಾದಲ್ಲಿ ಬಿಸಿ ಮಾಡಿದರೆ ಬಿಟ್ಟುಕೊಡುತ್ತದೆ. ಆಹಾರಕ್ಕೆ ಹಾಕಲೇಬಾರದ ಗುಲಾಬಿ ಬಣ್ಣ ರೋಡಮಿನ್ ಬಿ ಮಾತ್ರ ಕ್ಷಾರ ಗುಣದ್ದು. ಅದಕ್ಕೆ ಉಲ್ಟಾ: ಅಮೋನಿಯಾದಲ್ಲಿ ಹತ್ತಿಸಿ, ಆಸಿಡ್‌ನಲ್ಲಿ ಬಿಡಿಸಬೇಕು. ಅಮೋನಿಯಾ ಕೆಲಸ ನೀವೇ ಮಾಡಿ, ಕಿಟಕಿ ತೆಗೆದಿಟ್ಟು.

ಮಾದರಿಯ ಪಕ್ಕದಲ್ಲೇ ಗೊತ್ತಿರುವ ಬಣ್ಣಗಳ ಚುಕ್ಕೆ ಇಡಿ: ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೊ, ಕಾರ್ಮೋಸಿನ್. ಸುಮ್ನೆ ಪುಸ್ತಕದ ಆರ್‌ಎಫ್ ಬೆಲೆ (ದ್ರವ ಸಾಗಿದ ದೂರದಲ್ಲಿ ಚುಕ್ಕೆ ಎಷ್ಟು ಪಾಲು ಸಾಗಿತು ಎಂಬ ಅಂಕಿ) ನಂಬಬೇಡಿ. ಸೆಖೆ ಜಾಸ್ತಿಯಾದರೂ, ಜಾಡಿಯ ಮುಚ್ಚಳ ಸಡಿಲವಾದರೂ ಅದು ಬದಲಾಗುತ್ತದೆ.

ಇನ್ನು ಉಳಿದರ್ಧ. ಪೇಪರ್ 'ಯಾವ ಬಣ್ಣ' ಹೇಳುತ್ತದೆ, 'ಎಷ್ಟು' ಹೇಳುವುದಿಲ್ಲ. ಮಿಠಾಯಿಗೆ ಅನುಮತಿ ಇರುವ ಬಣ್ಣವನ್ನು ಕೆಜಿಗೆ 100 ಮಿಲಿಗ್ರಾಂವರೆಗೆ ಹಾಕಬಹುದು. ಅಂಗಡಿಯವನು ಆ ಗೆರೆ ದಾಟಿದನಾ ಎಂಬುದು ಚುಕ್ಕೆ ನೋಡಿ ತಿಳಿಯದು. ಆದರೆ ಗೋಬಿಗೆ ಕೃತಕ ಬಣ್ಣವೇ ಕೂಡದು. ಕಂಡರೆ ಮುಗಿಯಿತು, ಲೆಕ್ಕ ಯಾಕೆ? ಹಾಗಾಗಿ ನಿಮ್ಮ ಮಕ್ಕಳು ಆರಿಸಿಕೊಂಡಿರುವುದು ಒಳ್ಳೇ ವಿಷಯ.

ಎಂಎಸ್ಸಿ ಹುಡುಗ:
ಸರ್, ಬಣ್ಣ ಬೇರ್ಪಡಿಸಿ ಎಷ್ಟಿದೆ ಎಂದೂ ಅಳೆಯುವ ಎಚ್‌ಪಿಎಲ್‌ಸಿ ಮೆಷಿನ್ ಕಾಲದಲ್ಲಿ ಇದು ಮ್ಯೂಸಿಯಂ ವಸ್ತು ಅಲ್ವಾ? ರೋಡಮಿನ್‌ಗೆ ಯುವಿ ಟಾರ್ಚ್ ಸಾಕು, ಹೊಳೆಯುತ್ತದೆ.

ಹಳೇ ಲ್ಯಾಬಿನವ:
ಎರಿಥ್ರೋಸಿನ್ ಕೂಡ ಹೊಳೆಯುತ್ತದಪ್ಪಾ, ಅದು ಅನುಮತಿ ಇರುವ ಬಣ್ಣ. ಬರೀ ಟಾರ್ಚ್ ನಂಬಿದರೆ ಪಾಪದವನ ಮೇಲೆ ತಪ್ಪು ಹೊರಿಸುತ್ತೀರಿ. ಕೊನೇ ಅಂಕಿಗೆ ಮೆಷಿನ್ನೇ ಬೇಕು, ಒಪ್ಪುತ್ತೇನೆ. ಅದು ಒಂದಾದ ಮೇಲೆ ಒಂದು ಮಾದರಿ ನೋಡುತ್ತದೆ. ಒಂದು ಹಾಳೆಯಲ್ಲಿ ಸಾಲಾಗಿ ಹತ್ತು ಮಾದರಿ ಇಟ್ಟು ಮನೆಗೆ ಹೋದರೆ, ಬೆಳಿಗ್ಗೆ ಮೆಷಿನ್‌ಗೆ ಕೊಡಬೇಕಾದವು ಯಾವುವೆಂದು ತಿಳಿದಿರುತ್ತದೆ.

ಮ್ಯೂಸಿಯಂ ಅಂದಿರಲ್ಲ, ಮಾರ್ಟಿನ್ ಮತ್ತು ಸಿಂಜ್‌ಗೆ ಇದರ ಮೂಲ ತತ್ವಕ್ಕೆ ನೊಬೆಲ್ ಬಂದದ್ದು 1952ರಲ್ಲಿ. ಅದೇ ಕಾಲಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ವಿ. ಗಿರಿ ಅವರ ತಂಡ ದುಂಡನೆ ಪೇಪರ್ ಮೇಲೆ ಅಮೈನೊ ಆಮ್ಲಗಳನ್ನು ಬೇರ್ಪಡಿಸುತ್ತಿತ್ತು. ಮೇಡಂ, ನಿಮಗೂ ಅದೇ ಸುಲಭ. ದುಂಡು ಫಿಲ್ಟರ್ ಪೇಪರ್‌ನ ನಡುವೆ ತೂತು ಮಾಡಿ, ಪೇಪರ್ ಬತ್ತಿ ತೂರಿಸಿ, ಬತ್ತಿಯ ಸುತ್ತ ಚುಕ್ಕೆ ಇಟ್ಟು, ಉಪ್ಪುನೀರಿನ ತಟ್ಟೆಯ ಮೇಲೆ ಮಲಗಿಸಿ.

ಹೈಸ್ಕೂಲ್ ಟೀಚರ್:
ತುಂಬಾ ಥ್ಯಾಂಕ್ಸ್ ಸರ್. ಚಾರ್ಟ್‌ನಲ್ಲಿ ಅಂಗಡಿಗಳ ಹೆಸರು ಹಾಕಬಹುದಾ?

ಹಳೇ ಲ್ಯಾಬಿನವ:
ಬೇಡವೇ ಬೇಡ. 'ಮಾದರಿ 1, 2, 3' ಎಂದು ಬರೆಸಿ. ಅನುಮಾನ ಬಂದರೆ ಆಹಾರ ಸುರಕ್ಷತಾ ಅಧಿಕಾರಿಗೆ ತಿಳಿಸಿ.